ಗೇರು ಬದಲಿಸುವ ತಂತ್ರಾಂಶ

2017ರ ಮಾದರಿಯ ಫೋರ್ಡ್ ಎಫ್-150 ಪಿಕಪ್ ಟ್ರಕ್ಕಿಗೆ ಬಂದ ಹತ್ತು ಗೇರಿನ ಆಟೋಮ್ಯಾಟಿಕ್ ಗೇರುಪೆಟ್ಟಿಗೆಯನ್ನು ಫೋರ್ಡ್ ಮತ್ತು ಜನರಲ್ ಮೋಟರ್ಸ್, ಪರಸ್ಪರ ಪ್ರತಿಸ್ಪರ್ಧಿಗಳಾಗಿದ್ದೂ, ಜೊತೆಗೂಡಿ ರೂಪಿಸಿದವು. ಅದರೊಳಗೆ ಆರು ಕ್ಲಚ್‌ಗಳಿವೆ. ಗೇರು ಬದಲಾಗುವಾಗ ಒಂದು ಕ್ಲಚ್ ಸಡಿಲವಾಗುತ್ತಿದ್ದಂತೆಯೇ ಇನ್ನೊಂದು ಬಿಗಿಯಾಗಬೇಕು. ಈ ಹೊಂದಾಣಿಕೆ ಕೊಂಚ ತಪ್ಪಿದರೂ ಗಾಡಿ ಜಗ್ಗುತ್ತದೆ, ಇಲ್ಲವೇ ಎಂಜಿನ್ ಸುಮ್ಮನೆ ಮೊರೆಯುತ್ತದೆ. ವಿದ್ಯುತ್ತಿನಿಂದ ನಡೆಯುವ ಸೊಲೆನಾಯ್ಡ್ ಕವಾಟಗಳ ಮೂಲಕ, ಕ್ಲಚ್ ಬಿಗಿಯುವ ಎಣ್ಣೆಯ ಒತ್ತಡ ಎಷ್ಟು, ಯಾವಾಗ ಎಂದು ನಿರ್ಧರಿಸುವುದು ಕಂಪ್ಯೂಟರ್. ಹಾಗಾಗಿಯೇ ಒಂದು ಬೋಲ್ಟನ್ನೂ ಬಿಚ್ಚದೆ ಗೇರು ಬೀಳುವ ರೀತಿಯನ್ನು ಸುಧಾರಿಸಬಹುದು. ಹೊಸ ತಂತ್ರಾಂಶ ಒತ್ತಡದ ಕೋಷ್ಟಕಗಳನ್ನು, ಗೇರು ಬದಲಾಗುವ ವೇಗವನ್ನು, ಎಂಜಿನ್ ಟಾರ್ಕ್ ತಗ್ಗಿಸುವ ಗಳಿಗೆಯನ್ನು ತಿದ್ದುತ್ತದೆ.

ಅಪ್‌ಡೇಟ್ ಆದ ಕೂಡಲೇ ಗಾಡಿ ಮೊದಲಿಗಿಂತ ಒರಟಾದರೆ ಗಾಬರಿಬೀಳಬೇಕಿಲ್ಲ. ಕ್ಲಚ್‌ಗಳ ಸವೆತಕ್ಕೆ ತಕ್ಕಂತೆ ಕಂಪ್ಯೂಟರ್ ಕಲಿತಿಟ್ಟುಕೊಂಡಿದ್ದ ತಿದ್ದುಪಡಿಗಳು ಸಾಮಾನ್ಯವಾಗಿ ಆಗ ಅಳಿಸಿಹೋಗಿರುತ್ತವೆ. ಎಣ್ಣೆ ಬಿಸಿಯಾದ ಮೇಲೆ, ಆಕ್ಸಿಲರೇಟರನ್ನು ಹದವಾಗಿ ಒತ್ತುತ್ತಾ, ಎಲ್ಲ ಗೇರುಗಳಲ್ಲೂ ಓಡಿಸಿದರೆ ಅದು ಮತ್ತೆ ಕಲಿಯುತ್ತದೆ. ಮೊದಲ ದಿನವೇ ತೀರ್ಪು ಕೊಡುವುದು ಅನ್ಯಾಯ. ಆದರೆ ಕ್ಲಚ್ ತೀರಾ ಸವೆದಿದ್ದರೆ, ಕವಾಟ ಸೋರುತ್ತಿದ್ದರೆ ಅಥವಾ ತಿರುಗುವ ಭಾಗಕ್ಕೆ ಆಸರೆಯಾದ ಬುಶಿಂಗ್ ಜಾಗ ಬಿಟ್ಟು ಜರುಗಿದ್ದರೆ, ತಂತ್ರಾಂಶ ಆ ದೋಷವನ್ನು ಕೆಲಕಾಲ ಮರೆಮಾಚೀತು, ಅಷ್ಟೆ; ಕೊನೆಗೆ ಪೆಟ್ಟಿಗೆ ಬಿಚ್ಚಲೇಬೇಕು.