ನಾನು ಗಿಟಾರು ಕೊಂಡದ್ದು

ನನ್ನ ಕಿವಿಯ ವಿಷಯದಲ್ಲಿ ನನಗೆ ಒಂದಿಷ್ಟು ಗರ್ವವಿತ್ತು. ನಿವೃತ್ತ ಮಾಸ್ತರನಿಗೆ ಗರ್ವಪಡಲು ಬೇರೆ ಆಸ್ತಿ ಇರುವುದಿಲ್ಲ ನೋಡಿ. ಹಾಡಲು ಬಾರದು, ಬಾರಿಸಲು ಬಾರದು. ಆದರೆ ತಂಬೂರಿ ಕೂಡಿಸುವುದಿದ್ದರೆ ಖಾನಾಪುರದ ಸುತ್ತಿನ ಭಜನೆಯವರೂ, ಒಮ್ಮೊಮ್ಮೆ ಬೆಳಗಾವಿಯ ಬೈಠಕ್ಕಿನವರೂ ನನಗೆ ಹೇಳಿಕಳಿಸುತ್ತಿದ್ದರು. “ತಡೀರಿ, ಮಾಸ್ತರ ಬರ್ಲಿ” ಎಂದು ಗಾಯಕರು ಕೈಕಟ್ಟಿ ಕೂಡುವುದನ್ನು ಕಂಡು ಒಳಗೊಳಗೇ ಉಬ್ಬಿದ್ದುಂಟು. ಆದ್ದರಿಂದ ಮೊಮ್ಮಗಳು ಗಿಟಾರು ಬೇಕೆಂದಾಗ ಅದನ್ನು ಆರಿಸುವ ಅಧಿಕಾರ ನನ್ನದೇ ಎಂದು, ಯಾರೂ ಹೇಳದಿದ್ದರೂ, ನಾನೇ ನಿಶ್ಚಯಿಸಿಕೊಂಡೆ.

ಗಿಟಾರು ಎಂಬ ಹೆಸರು ಕೇಳಿದೊಡನೆ ಮೂಗು ಮುರಿದದ್ದನ್ನು ಮುಚ್ಚಿಡುವುದಿಲ್ಲ. ಮನೆಯಲ್ಲಿ ತಂಬೂರಿ ಇದೆ, ಕಲಿಯುವುದಾದರೆ ಗಾಯನ ಕಲಿ ಎಂದೆ. ಪರದೇಶದ ವಾದ್ಯ ನಮಗೇಕೆ ಎಂದು ಇನ್ನೂ ಎರಡು ಮಾತು ಆಡುವವನಿದ್ದೆ; ಅಷ್ಟರಲ್ಲಿ ಮೂಲೆಯ ಹಾರ್ಮೋನಿಯಂ ಪೆಟ್ಟಿಗೆ ಕಣ್ಣಿಗೆ ಬಿದ್ದು ಬಾಯಿ ಮುಚ್ಚಿಕೊಂಡೆ. ಅದೂ ಯುರೋಪಿನಿಂದ ಹಡಗು ಹತ್ತಿ ಬಂದದ್ದೇ ಅಲ್ಲವೆ? ಆಕಾಶವಾಣಿಯವರು 1940ರಲ್ಲಿ ಅದಕ್ಕೆ ಬಾಗಿಲು ಹಾಕಿದವರು 1971ರ ತನಕ ತೆರೆಯಲಿಲ್ಲ. ಆದರೂ ನಮ್ಮ ಬೆಳಗಾವಿಯ ಪಂಡಿತ ರಾಮಭಾವು ವಿಜಾಪುರೆಯವರು (1917–2010) ಅದೇ ಪೆಟ್ಟಿಗೆಯಿಂದ ರಾಗಗಳನ್ನು ಹಾಡಿಸಿದರು. ಗಿಟಾರಿನ ಕಥೆಯೂ ಹೆಚ್ಚು ಬೇರೆಯಲ್ಲ. ಬ್ರಿಜಭೂಷಣ ಕಾಬ್ರಾ ಅವರು ಅದನ್ನು ಮಲಗಿಸಿಕೊಂಡು, ಶಿವಕುಮಾರ ಶರ್ಮಾ ಮತ್ತು ಹರಿಪ್ರಸಾದ ಚೌರಾಸಿಯಾ ಅವರ ಜೊತೆಗೆ ನುಡಿಸಿದ ‘ಕಾಲ್ ಆಫ್ ದಿ ವ್ಯಾಲಿ’ ಮುದ್ರಿಕೆ 1967ರಷ್ಟು ಹಳೆಯದು. ವಿಶ್ವಮೋಹನ ಭಟ್ಟರಂತೂ ಗಿಟಾರನ್ನೇ ಮಾರ್ಪಡಿಸಿ ಮೋಹನವೀಣೆ ಎಂದು ಕರೆದು 1994ರಲ್ಲಿ ಗ್ರ್ಯಾಮಿ ಪಡೆದರು. ಮೊಮ್ಮಗಳಿಗೆ ಇದೆಲ್ಲ ಬೇಕಿರಲಿಲ್ಲ. ಅವಳಿಗೆ ಕಾಲೇಜಿನ ಗೆಳತಿಯರ ಜೊತೆಗೆ ಹಾಡಿಕೊಳ್ಳಲು ಒಂದು ಗಿಟಾರು ಬೇಕಿತ್ತು, ಅಷ್ಟೆ.

ಇಲ್ಲಿ ತಂಬೂರಿಯ ವಿಷಯವಾಗಿ ಒಂದು ಮಾತು ಹೇಳಲೇಬೇಕು. ಅದು ಮಿರಜದ್ದು. ಅಲ್ಲಿಯ ಸಿತಾರ ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆತದ್ದನ್ನು ಪತ್ರಿಕೆಯಲ್ಲಿ ನೀವೂ ಓದಿರಬಹುದು. ನನ್ನ ತಂಬೂರಿಯ ಜವಾರಿ ಎರಡು ವರುಷದಿಂದ ಸತ್ತಿತ್ತು. ಜವಾರಿ ಎಂದರೆ, ತಿಳಿಯದವರಿಗಾಗಿ ಹೇಳುತ್ತೇನೆ: ತಂಬೂರಿಯ ಘೋಡಿಯ ಮೇಲ್ಮೈ ಕಣ್ಣಿಗೆ ಕಾಣದಷ್ಟು ಇಳಿಜಾರಾಗಿರುತ್ತದೆ. ತಂತಿ ಅದನ್ನು ತಾಗಿಯೂ ತಾಗದಂತೆ ಸವರುತ್ತದೆ. ಕೆಳಗೆ ಹತ್ತಿಯ ಒಂದು ಎಳೆಯಿಟ್ಟು ಕೂದಲೆಳೆಯಷ್ಟು ಅತ್ತಿತ್ತ ಸರಿಸುತ್ತ ಹೋದರೆ, ಎಲ್ಲೋ ಒಂದು ಜಾಗದಲ್ಲಿ ತಂತಿ ಒಮ್ಮೆಲೇ ಬಾಯಿ ಬಿಡುತ್ತದೆ. ಖರ್ಜದ ತಂತಿಯಿಂದ, ಯಾರೂ ನುಡಿಸದ ಗಾಂಧಾರ ತಾನಾಗಿ ಮೇಲಕ್ಕೇಳುತ್ತದೆ. ನನ್ನ ತಂಬೂರಿ ಬಾಯಿ ಬಿಡುವುದನ್ನು ನಿಲ್ಲಿಸಿತ್ತು. ಮಿರಜಕ್ಕೆ ಒಯ್ದೆ. ಕಾರಿಗರರು ಘೋಡಿಯನ್ನು ಉಜ್ಜಿ ಸರಿಮಾಡಿಕೊಟ್ಟರು. ಮನೆಗೆ ತಂದರೆ ಅದೇ ಮಂಕು. ಎರಡನೆಯ ಸಲ ಒಯ್ದಾಗ ನನಗೆ ಸಿಟ್ಟು ಬಂದಿತ್ತು. “ನಿಮ್ಮ ತಂದೆಯವರ ಕೈ ನಿಮಗೆ ಬರಲಿಲ್ಲ” ಎಂದು ಅವರ ಮಗನ ಎದುರಿಗೇ ಅಂದುಬಿಟ್ಟೆ. ಅವರು ಏನೂ ಆಡಲಿಲ್ಲ. ತಂಬೂರಿಗೆ ಗವಸು ತೊಡಿಸಿ ಕೈಗಿತ್ತರು. ಹಣ ಮಾತ್ರ ಮುಟ್ಟಲಿಲ್ಲ. ಅಂದಿನಿಂದ ಅದು ಗೋಡೆಗೆ ಆತು ನಿಂತಿತ್ತು.

ಇರಲಿ, ಗಿಟಾರಿಗೆ ಬರೋಣ. ಖಾನಾಪುರದಲ್ಲಿ ಭಜನೆಯ ತಾಳ, ಡಗ್ಗಾ, ಶಾಲೆಯ ಪಾಟಿಚೀಲಗಳ ನಡುವೆ ಒಂದೇ ಒಂದು ನೀಲಿ ಬಣ್ಣದ ಗಿಟಾರು ನೇತಾಡುತ್ತಿದ್ದ ಅಂಗಡಿಯನ್ನು ಮೊದಲು ನೋಡಿದೆವು. ತಂತಿಗಳಿಗೆ ತುಕ್ಕು ಹಿಡಿದಿತ್ತು. ಮೊಮ್ಮಗಳು ಮುಟ್ಟಿ ನೋಡಿ, ಮುಟ್ಟಿದ ಬೆರಳನ್ನು ಒರೆಸಿಕೊಂಡಳು. ಅಲ್ಲಿಗೆ ನಮ್ಮೂರಿನ ಪೇಟೆ ಮುಗಿಯಿತು.

ಮರುದಿನ ಶನಿವಾರ, ಜಿಟಿಜಿಟಿ ಮಳೆಯಲ್ಲಿ, ಬೆಳಗಾವಿಯ ಬಸ್ಸು ಹತ್ತಿದೆವು. ಇಪ್ಪತ್ತೈದು ಕಿಲೋಮೀಟರಿನ ದಾರಿಯುದ್ದಕ್ಕೂ ನಾನು ಅವಳಿಗೆ ನಾದಪರೀಕ್ಷೆಯ ಪಾಠ ಹೇಳಿದೆ. ನಾವು ಖಾನಾಪುರದವರು, ಕೆಂಪು ಮಣ್ಣಿನ ಗಡಿಗೆ, ಹಂಚುಗಳ ನಡುವೆ ಬೆಳೆದವರು. ಗಡಿಗೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ, ಠಣ್ ಎಂದರೆ ಕೊಳ್ಳಬೇಕು, ಡಬ್ ಎಂದರೆ ಬಿಡಬೇಕು ಎಂಬುದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಮರವೂ ಅದೇ ನ್ಯಾಯಕ್ಕೆ ಒಳಪಟ್ಟದ್ದು ಎಂದು ನನ್ನ ಸಿದ್ಧಾಂತ.

ಮೊದಲನೆಯ ಅಂಗಡಿಯಲ್ಲಿ ಈ ಸಿದ್ಧಾಂತವನ್ನು ಪ್ರಯೋಗಿಸಿದೆ. ನಾಲ್ಕು ಗಿಟಾರುಗಳ ಬೆನ್ನು ತಟ್ಟಿದ್ದನ್ನು ನೋಡಿ ಅಂಗಡಿಯವರು, “ಕಾಕಾ, ಅದು ಗಡಿಗಿ ಅಲ್ಲರಿ” ಎಂದು ನಕ್ಕರು. ಆದರೆ ಸಜ್ಜನರು, ಬೇಸರಿಸದೆ ವಿವರಿಸಿದರು. ಕಡಿಮೆ ಬೆಲೆಯವುಗಳಲ್ಲಿ ಎದುರಿನ ಹಲಗೆ ತೆಳುವಾದ ಪದರುಗಳನ್ನು ಅಂಟಿಸಿದ್ದು. ಮಳೆಗಾಲವನ್ನು ತಡೆಯುತ್ತದೆ, ನಾದ ಕಡಿಮೆ. ಬೆಲೆ ಏರಿದರೆ ಸ್ಪ್ರೂಸ್ ಎಂಬ ಚಳಿದೇಶದ ಮರದ ಒಂದೇ ಹಲಗೆ. ನಾದ ಒಳ್ಳೆಯದು, ವರುಷ ಕಳೆದಂತೆ ಇನ್ನೂ ಮಾಗುತ್ತದೆ, ಆದರೆ ನಮ್ಮ ಮಳೆಗೆ ಉಬ್ಬಿ ಹೊಟ್ಟೆ ಬರುತ್ತದೆ. ಉಕ್ಕಿನ ಆರು ತಂತಿಗಳು ಕೂಡಿ ಸುಮಾರು 70 ಕಿಲೋ ಭಾರದಷ್ಟು ಜಗ್ಗುತ್ತವೆಯಂತೆ. ನನ್ನ ತೂಕಕ್ಕಿಂತ ಹೆಚ್ಚು! ನಾನು ಜೋತುಬಿದ್ದರೂ ಮುರಿಯದ ಕುತ್ತಿಗೆ ಎಂದಾಯಿತು. ಅದು ಬಾಗದಿರಲೆಂದು ಒಳಗೆ ಒಂದು ಕಬ್ಬಿಣದ ಸಲಾಕೆಯನ್ನೂ ಇಟ್ಟಿರುತ್ತಾರೆ. ತಂತಿ ಪಡದೆಯಿಂದ ಎತ್ತರದಲ್ಲಿದ್ದರೆ ಬೆರಳು ನೋಯುತ್ತದೆ, ತೀರ ಕೆಳಗಿದ್ದರೆ ಪಡದೆಗೆ ಬಡಿದು ಗಿರಗುಡುತ್ತದೆ. ಆ ಅಂಗಡಿಯಲ್ಲಿದ್ದವೆಲ್ಲ ಎತ್ತರದವು. ಮೊಮ್ಮಗಳು ಹತ್ತು ನಿಮಿಷದಲ್ಲಿ ಬೆರಳ ತುದಿ ಕೆಂಪಾಗಿಸಿಕೊಂಡಳು.

ಇನ್ನೊಂದು ಅಂಗಡಿಯಲ್ಲಿ ಏನೂ ಹೇಳುವಂಥದು ನಡೆಯಲಿಲ್ಲ.

ಮೂರನೆಯದು ಕ್ಯಾಂಪಿನ ಕಡೆಗೆ. ಅಲ್ಲಿಯ ಹುಡುಗ ಭಾನುವಾರ ಇಗರ್ಜಿಯಲ್ಲಿ ಗಿಟಾರು ನುಡಿಸುವವನು. ಮೊದಲು ನಾವು ಕೊಳ್ಳಲಾರದ ಒಂದು ವಾದ್ಯವನ್ನು ಪೆಟ್ಟಿಗೆಯಿಂದ ಹೊರಗೆ ತೆಗೆದ. ಬೆನ್ನು ಕಡುಗಂದು, ನಡುನಡುವೆ ನೇರಿಳೆ ಗೆರೆ. “ರೋಜ್‌ವುಡ್ ರಿ, ಹೊರಗಿಂದ ಬಂದದ್ದು” ಎಂದ. ನನಗೆ ನಗು ಬಂತು. ಅದು ನಮ್ಮ ಬೀಟೆ, ಮರಾಠಿಯವರ ಶಿಸವ! ಖಾನಾಪುರದ ಕಾಡಿನ ಮರ. ಅಮೇರಿಕೆಯ ಮಾರ್ಟಿನ್ ಕಂಪನಿಯವರು ಬ್ರೆಜಿಲಿನ ಬೀಟೆ ಸಿಗುವುದು ಕಷ್ಟವಾಗಿ 1969ರಲ್ಲಿ ಭಾರತದ ಬೀಟೆಗೆ ತಿರುಗಿದರು. ಆಮೇಲೆ ಈ ಜಾತಿಯ ಮರಗಳೇ ತೀರುವ ಭಯ ಹುಟ್ಟಿ, 2017ರಿಂದ ದೇಶದೇಶಗಳ ನಡುವಿನ ಅವುಗಳ ವ್ಯಾಪಾರಕ್ಕೆ ಪರವಾನಗಿಯ ಕಟ್ಟು ಬಿತ್ತು. ಸಿದ್ಧ ವಾದ್ಯಗಳಿಗೆ 2019ರಲ್ಲಿ ಸಡಿಲಿಸಿದರು. ಘಟ್ಟದ ಮರ ಸಮುದ್ರ ದಾಟಿ, ಹೆಸರು ಬದಲಿಸಿಕೊಂಡು, ತನ್ನ ಬೆಲೆ ತವರಿನವರ ಕೈಗೆಟುಕದಂತೆ ಮಾಡಿಕೊಂಡು ಹಿಂದಿರುಗುವುದೂ ಉಂಟು. ಓದಿದ ಹುಡುಗರ ಹಾಗೆ.

ನಮ್ಮ ಕೈಗೆಟುಕುವವು ಎರಡು ಉಳಿದವು. ಒಂದಕ್ಕಿಂತ ಇನ್ನೊಂದಕ್ಕೆ ಮೂರು ಸಾವಿರ ಹೆಚ್ಚು. ಹುಡುಗ ಎರಡರಲ್ಲೂ ಒಂದೇ ಚೀಜು ನುಡಿಸಿದ. ನಾನು ಕಣ್ಣು ಮುಚ್ಚಿ, ತಲೆದೂಗಿ, ಕೊನೆಗೆ ತೀರ್ಪು ಕೊಟ್ಟೆ: ಎರಡೂ ಒಂದೇ, ಕಡಿಮೆ ಬೆಲೆಯದನ್ನು ಕೊಳ್ಳತಕ್ಕದ್ದು. ಜೊತೆಗೆ, ಗಿಟಾರಿನ ನಾಲ್ಕನೆಯ ಪಡದೆಯ ಗಾಂಧಾರವು ತಂಬೂರಿಯ ಸ್ವಯಂಭೂ ಗಾಂಧಾರಕ್ಕಿಂತ ಅರ್ಧಸ್ವರದ ಏಳನೆಯ ಒಂದು ಪಾಲಿನಷ್ಟು ಏರಿರುತ್ತದೆ, ಹನ್ನೆರಡು ಪಾಲನ್ನೂ ಸಮನಾಗಿ ಹಂಚಿದ್ದರ ಫಲ ಅದು, ಎಂದೂ ತಿಳಿಸಿದೆ. ಹುಡುಗ ಗೌರವದಿಂದ ಕೇಳಿದ. ಆಮೇಲೆ ನಾನು ಆರಿಸಿದ ಗಿಟಾರಿನ ತೆಳುತಂತಿಯನ್ನು ಒಂದು ಪಡದೆಯ ಮೇಲೆ ಒತ್ತಿ ಮೀಟಿದ.

“ಆದ್ರ ಸರ, ಇದು ಇಲ್ಲಿ ಗಿರಗುಡತೈತ್ರಿ. ಕೇಳ್ರಿ.”

ಮೀಟಿದ. ಮತ್ತೆ ಮೀಟಿದ. ಮೊಮ್ಮಗಳು ಹಲ್ಲಿನ ಮೇಲೆ ಮರಳು ಬಿದ್ದವಳ ಹಾಗೆ ಮುಖ ಕಿವುಚಿದಳು. ಮೂಲೆಯಲ್ಲಿ ಕೊಳಲು ಕೊಳ್ಳಲು ನಿಂತಿದ್ದ ಯಾರೋ ಒಬ್ಬರು ಕೂಡ ತಿರುಗಿ ನೋಡಿದರು. ನನಗೆ ತಂತಿಯ ಸ್ವರ ಕೇಳಿಸಿತು, ಸ್ವಚ್ಛವಾಗಿ. ಅದರ ಮೇಲೆ ಮತ್ತೇನೂ ಇರಲಿಲ್ಲ.

“ಹೌದ್ಹೌದು, ಗಿರಗುಡತದ” ಎಂದೆ.

ಅರವತ್ತು ವರುಷ ಸಂಗೀತದ ಸುತ್ತ ಸುಳಿದಾಡಿದವನು ನಾನು. ಕೇಳದ್ದನ್ನು ಕೇಳಿತೆಂದು ಹೇಳಿದ್ದು ಅದೇ ಮೊದಲು. ಹೇಳುತ್ತಿರುವಾಗಲೇ ಹೊಟ್ಟೆಯಲ್ಲಿ ಏನೋ ಜಾರಿದಂತಾಯಿತು. ಗಿಟಾರಿನವರು ದೋಷವೆನ್ನುವ ಆ ಗಿರಗಿರವೇ, ನಾವು ಘೋಡಿ ಉಜ್ಜಿ ಎಳೆ ಸರಿಸಿ ಹುಡುಕುವ ಜವಾರಿ. ಇಲ್ಲಿ ಬೇಡವಾದದ್ದು ಅಲ್ಲಿ ಬೇಕಾದದ್ದು, ಎರಡೂ ತಂತಿ ತಾಗಿ ಹುಟ್ಟುವ ಒಂದೇ ಸದ್ದು. ಇಲ್ಲಿ ಎಲ್ಲರಿಗೂ ಕೇಳುವುದು ನನಗೆ ಕೇಳದಿದ್ದರೆ, ಮನೆಯಲ್ಲಿ ಎರಡು ವರುಷದಿಂದ ಸತ್ತದ್ದು ಯಾವುದು?

ಹೆಚ್ಚು ಬೆಲೆಯ ಗಿಟಾರನ್ನೇ ಕೊಂಡೆವು. ಬೆಲೆಯ ಮೇಲೆ ಚೌಕಾಶಿ ಮಾಡುವ ಧೈರ್ಯವೂ ನನಗೆ ಉಳಿದಿರಲಿಲ್ಲ.

ಬಸ್ಸಿನಲ್ಲಿ ಅವಳು ಕರಿಯ ಚೀಲವನ್ನು ಕೂಸಿನಂತೆ ಅಪ್ಪಿಕೊಂಡು ಕೂತಿದ್ದಳು. ಮಚ್ಛೆ ದಾಟಿದ ಮೇಲೆ, “ಅಜ್ಜಾ, ಆ ಸದ್ದು ನಿನಗ ಕೇಳಸ್ಲಿಲ್ಲ ಹೌದಲ್ಲ?” ಎಂದಳು. ನಾನು ಕಿಟಕಿಯ ಆಚೆ ಮಳೆಯನ್ನು ನೋಡಿದೆ. ಅವಳು ಮತ್ತೆ ಕೇಳಲಿಲ್ಲ.

ರಾತ್ರಿ ಊಟವಾದ ಮೇಲೆ ಗವಸು ತೆಗೆದು ತಂಬೂರಿಯನ್ನು ಅವಳ ಮಡಿಲಿಗೆ ಕೊಟ್ಟೆ. ತಂತಿಗಳನ್ನು ನಾನೇ ಕೂಡಿಸಿದೆ. ಅಷ್ಟು ಇನ್ನೂ ಬರುತ್ತದೆ. ಎಳೆಯನ್ನು ಸರಿಸುವ ಬಗೆ ತೋರಿಸಿ, “ಎಲ್ಲಿ ಬಾಯಿ ಬಿಡತದ, ಅಲ್ಲಿ ನಿಲ್ಲಸು” ಎಂದೆ. ಅವಳು ಖರ್ಜದ ತಂತಿಯನ್ನು ಮೀಟುತ್ತ ಎಳೆಯನ್ನು ಸರಿಸತೊಡಗಿದಳು. ನಾನು ತಂತಿಯನ್ನು ಕೇಳಲಿಲ್ಲ, ಅವಳ ಮುಖವನ್ನು ನೋಡುತ್ತ ಕೂತೆ. ನಾಲ್ಕೈದು ಸಲ ಏನೂ ಇಲ್ಲ. ಆಮೇಲೆ ಹುಬ್ಬು ಮೇಲೇರಿತು, ಬಾಯಿ ಅರೆ ತೆರೆಯಿತು, ಕೈ ತಾನಾಗಿಯೇ ನಿಂತಿತು.

“ಅಜ್ಜಾ, ಇದರಾಗ ಯಾರೋ ಹಾಡ್ಲಿಕ್ಹತ್ಯಾರ!”

ಬೆಳಗಾವಿಯ ಕಿವಿವೈದ್ಯರು ಪರೀಕ್ಷೆ ಮಾಡಿ, ವಯಸ್ಸಿನಿಂದ ಬರುವ ಕಿವುಡು, ಮೇಲಿನ ಸೂಕ್ಷ್ಮ ಸದ್ದುಗಳೇ ಮೊದಲು ಹೋಗುತ್ತವೆ, ಆದ್ದರಿಂದ ಮಾತು ಕೇಳಿಸುತ್ತಲೇ ಇದ್ದು ಮನುಷ್ಯನಿಗೆ ಬಹಳ ದಿನ ಗೊತ್ತಾಗುವುದಿಲ್ಲ ಎಂದರು. ಯಂತ್ರ ಬರೆದುಕೊಟ್ಟಿದ್ದಾರೆ. ಹಾಕಿಕೊಂಡರೆ ಪಾತ್ರೆ ತೊಳೆಯುವ ಸದ್ದು ಸಿಡಿಲಿನ ಹಾಗೆ ಕೇಳುತ್ತದೆ. ಜವಾರಿ ಇನ್ನೂ ಸರಿಯಾಗಿ ಕೇಳಿಲ್ಲ.

ಮಿರಜಕ್ಕೆ ಫೋನು ಮಾಡಲು ನಾಲ್ಕು ದಿನ ಹಿಡಿಯಿತು. ಕಾರಿಗರರು ನನ್ನ ತೊದಲಿಕೆಯನ್ನೆಲ್ಲ ಕೇಳಿ, “ನನಗೆ ಗೊತ್ತಿತ್ತು ಮಾಸ್ತರ, ಎರಡನೆಯ ಸಲ ಬಂದಾಗಲೇ” ಎಂದರು. ಹಾಗಾದರೆ ಅಂದೇ ಏಕೆ ಹೇಳಲಿಲ್ಲ ಎಂದು ಕೇಳಿದೆ. ಅಂಗಡಿಯಲ್ಲಿ ಅಷ್ಟು ಜನ ಇದ್ದರಲ್ಲ ಎಂದರು.

ಮಳೆ ನಿಂತ ಮೇಲೆ ಹೋಗಿ ಬರಬೇಕು. ಎರಡು ಸಲದ ಕೂಲಿ ಕೊಡುವುದಿದೆ. ತಂಬೂರಿಯನ್ನು ಒಯ್ಯುವ ಕಾರಣವಿಲ್ಲ. ಒಂದು ಕಿಲೋ ಕುಂದಾ ಒಯ್ದರಾಯಿತು. ಮೊಮ್ಮಗಳೂ ಬರುತ್ತೇನೆಂದಿದ್ದಾಳೆ, ಗಿಟಾರು ಬಿಟ್ಟು.