ಪಿ.ಜೆ. ಬಡಾವಣೆಯಲ್ಲೊಂದು ಸಂಗೀತದ ರಾತ್ರಿ

ಚೈತ್ರಮಾಸದಲ್ಲಿ ದಾವಣಗೆರೆಯ ಸೆಕೆ ಎಂತಹುದೆಂಬುದನ್ನು ಅಲ್ಲಿ ಒಂದು ಹಗಲನ್ನು ಕಳೆದವರೇ ಬಲ್ಲರು. ಸಂಜೆ ಏಳಾದರೂ ಕಾದ ರಸ್ತೆಯು ಆರುವುದಿಲ್ಲ. ಅಂತಹ ಒಂದು ಸಂಜೆ, ಪಿ.ಜೆ. ಬಡಾವಣೆಯಲ್ಲಿರುವ ಮಿತ್ರರೊಬ್ಬರ ಕರೆಯ ಮೇರೆಗೆ, ಅವರ ಬೀದಿಯವರು ನಡೆಸುವ ರಾಮೋತ್ಸವದ ಸಂಗೀತವನ್ನು ಕೇಳುವುದಕ್ಕಾಗಿ ನಾವು ಹರಿಹರದಿಂದ ಬಸ್ಸನ್ನು ಹತ್ತಿದೆವು. ಸುಮಾರು 14 ಕಿಲೋಮೀಟರಿನ ದಾರಿ, ವರ್ಣಿಸತಕ್ಕದ್ದೇನೂ ಅದರಲ್ಲಿಲ್ಲ.

ಬಡಾವಣೆಯನ್ನು ಸೇರಿದೊಡನೆ, ಚಪ್ಪರದ ಬಳಿ ಆಡುತ್ತಿದ್ದ ಹುಡುಗರನ್ನು ‘ಪಿ.ಜೆ. ಎಂದರೇನಪ್ಪಾ?’ ಎಂದು ಕೇಳಿದೆವು. (ಪಾಠಶಾಲೆಯನ್ನು ಬಿಟ್ಟರೂ ಪ್ರಶ್ನೆ ಕೇಳುವ ಚಾಳಿ ನಮ್ಮನ್ನು ಬಿಟ್ಟಿಲ್ಲ.) ಒಬ್ಬನಿಗೂ ತಿಳಿಯದು. ಪ್ರಿನ್ಸ್ ಜಯಚಾಮರಾಜರ ಹೆಸರನ್ನು ಹೊತ್ತ ಬಡಾವಣೆಯಿದು. 1940ರಲ್ಲಿ ಮೈಸೂರಿನ ಸಿಂಹಾಸನವನ್ನೇರಿದ ಆ ಜಯಚಾಮರಾಜ ಒಡೆಯರು ಕೇವಲ ಸಂಗೀತಪೋಷಕರಾಗಿರಲಿಲ್ಲ. ‘ಶ್ರೀವಿದ್ಯಾ’ ಎಂಬ ಅಂಕಿತದಲ್ಲಿ 94 ಸಂಸ್ಕೃತ ಕೃತಿಗಳನ್ನು ರಚಿಸಿದ ವಾಗ್ಗೇಯಕಾರರು. ಪಾಶ್ಚಾತ್ಯ ಸಂಗೀತದಲ್ಲಿಯೂ ಅವರಿಗೆ ಆಳವಾದ ಪರಿಶ್ರಮವಿದ್ದಿತು. ಲಂಡನ್ನಿನಲ್ಲಿ ವೃದ್ಧಾಪ್ಯವನ್ನು ಕಳೆಯುತ್ತಿದ್ದ ಮೆಟ್ನರ್ ಎಂಬ ರಷ್ಯದ ಸಂಗೀತರಚನಕಾರನ ಕೃತಿಗಳು ಧ್ವನಿಮುದ್ರಿಕೆಗಳಾಗಿ ಉಳಿದುದು ಇವರ ಧನಸಹಾಯದಿಂದಲೇ. ಇಂತಹ ಅರಸನ ಹೆಸರಿನ ಬೀದಿಗಳಲ್ಲಿ ಸಂಗೀತವು ನಡೆಯದಿದ್ದರೆ ಮತ್ತೆಲ್ಲಿ ನಡೆಯಬೇಕು? ಆದರೆ ಹುಡುಗರಿಗೆ ನಮ್ಮ ವ್ಯಾಖ್ಯಾನಕ್ಕಿಂತ ಪಾನಕದ ಪಾತ್ರೆಯ ಮೇಲೆ ಹೆಚ್ಚು ಲಕ್ಷ್ಯವಿದ್ದಿತು.

ಎರಡು ಮನೆಗಳ ನಡುವಣ ತೆರವಿನಲ್ಲಿ ಚಪ್ಪರ, ಜಮಖಾನೆ, ಹಿಂದೆ ಹಿರಿಯರಿಗಾಗಿ ನಾಲ್ಕು ಸಾಲು ಕುರ್ಚಿ. ಟಿಕೀಟಿಲ್ಲ. ಕೋಸಂಬರಿಯು ಒಂದು ಮನೆಯಿಂದ, ಪಾನಕವು ಇನ್ನೊಂದು ಮನೆಯಿಂದ. ಬೆಂಗಳೂರಿನ ಚಾಮರಾಜಪೇಟೆಯಲ್ಲಿ 1939ರಲ್ಲಿ ಆರಂಭವಾದ ರಾಮೋತ್ಸವದ ಸಂಗೀತವು ಇಂದು ನಾಡೆಲ್ಲ ಹೆಸರಾಗಿದೆ. ಅದರೊಡನೆ ಹೋಲಿಸಿದರೆ ಇದು ಮನೆಯಂಗಳದ ತುಳಸಿಯಷ್ಟೆ.

ಆದರೂ ಇಲ್ಲಿ ಸಿಗುವ ಒಂದು ಸೊಗಸು ಬೆಂಗಳೂರಿನಲ್ಲಿ ಸಿಗುವುದು ಅಪರೂಪ. ನಮ್ಮೂರ ಮಗ್ಗುಲಲ್ಲಿ ಹರಿಯುವ ತುಂಗಭದ್ರೆಯೇ 1956ರವರೆಗೆ ಗಡಿ. ಈಚೆಯ ದಡ ಮೈಸೂರಿನದು, ಆಚೆಯದು ಮುಂಬಯಿಯದು. ಸಂಗೀತದಲ್ಲಿಯೂ ಹಾಗೆಯೇ. ಆಚೆಗೆ ಕುಂದಗೋಳದ ಸವಾಯಿ ಗಂಧರ್ವರು, ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ಲರು, ಧಾರವಾಡದ ಮಲ್ಲಿಕಾರ್ಜುನ ಮನ್ಸೂರರು. ಈಚೆಗೆ ವೀಣೆ ಶೇಷಣ್ಣನವರು, ಮೈಸೂರು ವಾಸುದೇವಾಚಾರ್ಯರು. ದಾವಣಗೆರೆಯ ಕಿವಿಯು ಎರಡು ದಡಕ್ಕೂ ಸಲ್ಲುವುದು. ಹರಿಹರದ ಗುಡಿಯನ್ನು ಹೊಯ್ಸಳರ ಪೊಲಾಳ್ವ ದಂಡನಾಯಕನು 1224ರಲ್ಲಿ ಕಟ್ಟಿಸಿದನು. ಅರ್ಧ ಹರಿ, ಅರ್ಧ ಹರ, ವಿಗ್ರಹವೊಂದೇ. ಸುಮಾರು ಅದೇ ಕಾಲದಲ್ಲಿ, ಹೊಯ್ಸಳರೊಡನೆ ಹೋರಾಡುತ್ತಿದ್ದ ಸೇವುಣರ ಸಿಂಘಣನ ಆಶ್ರಯದಲ್ಲಿ ಶಾರ್ಙ್ಗದೇವನು ‘ಸಂಗೀತರತ್ನಾಕರ’ವನ್ನು ಬರೆದನು. ಅರಸರು ಕಾದಾಡಿ ಹೋದರು. ಗ್ರಂಥವನ್ನು ಮಾತ್ರ ಇಂದಿಗೂ ಎರಡು ಪದ್ಧತಿಯವರೂ ತಮ್ಮದೆನ್ನುವರು.

ಆ ದಿನ ಮೊದಲಿಗೆ ಬಡಾವಣೆಯವಳೇ ಆದ ಹದಿನಾರರ ಹುಡುಗಿಯೊಬ್ಬಳು ಪಿಟೀಲು ಮೃದಂಗಗಳೊಡನೆ ಹಾಡಿದಳು. ಕಂಠವಿನ್ನೂ ಎಳೆಯದು, ಹಿಂದೋಳದ ಸ್ವರಕಲ್ಪನೆಯಲ್ಲಿ ಒಂದೆರಡು ಕಡೆ ಲೆಕ್ಕ ತಪ್ಪಿ ತಾನೇ ನಕ್ಕಳು. ಬಳಿಕ ಧಾರವಾಡದ ಕಡೆಯ ಹಿರಿಯ ಗಾಯಕರು ತಬಲಾ ಹಾರ್ಮೋನಿಯಂಗಳೊಡನೆ ವೇದಿಕೆಯೇರಿದರು. ಆಗ ಗಂಟೆ ಒಂಬತ್ತೂಕಾಲು. ಅವರು ಎತ್ತಿಕೊಂಡುದು ಮಾಲಕೌಂಸ್. ಹಿಂದೋಳಕ್ಕೂ ಅದಕ್ಕೂ ಸ್ವರಗಳು ಐದು, ಅವೇ ಐದು. ರಿಷಭ ಪಂಚಮಗಳು ಎರಡಕ್ಕೂ ವರ್ಜ್ಯ. ಆದರೆ ಹುಡುಗಿಯು ಒಂದು ಮೆಟ್ಟಲಿನಿಂದ ಮತ್ತೊಂದಕ್ಕೆ ನೆಗೆದುಹೋದ ಎಡೆಯಲ್ಲಿ ಈ ಹಿರಿಯರು ಕೈಗೋಲಿನವರಂತೆ ನಿಂತು, ಸುತ್ತಲೂ ನೋಡಿ, ಮುಂದಿನ ಹೆಜ್ಜೆಯಿಡುತ್ತಿದ್ದರು. ‘ನಟ್ಟಿರುಳಿಗೆ ಹಾಡೋ ರಾಗರೀ ಇದು. ಒಂಬತ್ತಕ್ಕ ಎಬ್ಬಿಸೀವಿ, ಇನ್ನೂ ನಿದ್ದಿಗಣ್ಣು ಅದಕ್ಕ’ ಎಂದು ಅವರು ನಡುವೆ ನುಡಿದಾಗ ಸಭೆಯು ನಕ್ಕಿತು.

ನಗೆಯ ಮಾತಾದರೂ ಅದರಲ್ಲಿ ನೋವಿದ್ದಿತು. ಕರ್ಣಾಟಕ ಪದ್ಧತಿಯಲ್ಲಿ ರಾಗಕ್ಕೆ ವೇಳೆಯ ಕಟ್ಟು ಸಡಿಲ, ಉತ್ತರಾದಿಯಲ್ಲಿ ಹಾಗಲ್ಲ. ಮಾಲಕೌಂಸಿಗೆ ರಾತ್ರಿಯ ಮೂರನೆಯ ಯಾಮವೇ ವಿಹಿತ. ಆದರೆ 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬೀದಿಯಲ್ಲಿ ಧ್ವನಿವರ್ಧಕವು ನಿಷಿದ್ಧ. ಹಬ್ಬಗಳ ಸಂದರ್ಭದಲ್ಲಿ ವರ್ಷಕ್ಕೆ 15 ದಿನಗಳಿಗೆ ಮೀರದಂತೆ ಮಧ್ಯರಾತ್ರಿಯವರೆಗೆ ಸಡಿಲಿಸುವ ಅಧಿಕಾರವು ಸರ್ಕಾರಕ್ಕುಂಟು. ಆದರೆ ಒಂದು ಬೀದಿಯ ಚಪ್ಪರಕ್ಕಾಗಿ ಆ ಸಡಿಲಿಕೆಯನ್ನು ಯಾರು ತಂದುಕೊಡುವರು? ಹೀಗಾಗಿ ಆ ಅಪರಾತ್ರಿಯ ರಾಗಗಳು ಬೀದಿಯ ಸಂಗೀತದಿಂದ ಒಂದೊಂದಾಗಿ ಜಾರಿಹೋಗುತ್ತಿವೆ. ಮುಂದಿನ ವರ್ಷದಿಂದ ಎಂಟೂವರೆಗೇ ಮುಗಿಯುವಂತೆ ಒಂದೇ ಕಚೇರಿಯನ್ನಿಡೋಣವೆಂದೂ, ಉತ್ತರಾದಿಯವರನ್ನು ಕರೆಯುವುದು ಬೇಡವೆಂದೂ ಕೆಲವರು ಆಡುತ್ತಿರುವರೆಂದು ಮಿತ್ರರು ನಮ್ಮ ಕಿವಿಯಲ್ಲಿ ಹೇಳಿದರು.

ನಿಯಮವನ್ನು ಹಳಿಯಲು ನಮ್ಮ ನಾಲಗೆಯು ತುದಿಗಾಲಿನಲ್ಲಿದ್ದಿತು. ಅಷ್ಟರಲ್ಲಿ ಎದುರುಮನೆಯ ಹೆಂಗಸು ಬಂದು, ಸೆರಗು ಸರಿಪಡಿಸಿಕೊಂಡು, ಮಿತ್ರರಿಗೆ ಮೆಲ್ಲಗೆ, ‘ಅಣ್ಣಾರೆ, ನಾಳೆ ನಮ್ಮ ಹುಡುಗಂಗೆ ಗಣಿತದ ಪರೀಕ್ಷೆ ಐತಿ. ಹತ್ತಕ್ಕೆ ಮುಗಿಸ್ತೀರಲ್ಲ?’ ಎಂದು ಕೇಳಿದಳು. ನಾಲ್ಕು ದಶಕಗಳ ಕಾಲ ಮಕ್ಕಳನ್ನು ಪರೀಕ್ಷೆಗೆ ಕೂರಿಸಿದ ನಾವು ಏನು ತಾನೇ ಹೇಳೋಣ? ‘ಮುಗಿಸ್ತಾರೆ ತಾಯಿ’ ಎಂದು ಕೇಳದಿದ್ದ ನಾವೇ ಉತ್ತರ ಕೊಟ್ಟುಬಿಟ್ಟೆವು. ಮಿತ್ರರು ನಮ್ಮನ್ನು ಒಂದು ಬಗೆಯಾಗಿ ನೋಡಿದರು.

ಸರಿಯಾಗಿ ಹತ್ತಕ್ಕೆ ಧ್ವನಿವರ್ಧಕವನ್ನು ನಿಲ್ಲಿಸಿದರು. ಅದರೊಡನೆ ವಿದ್ಯುತ್ ತಂಬೂರಿಯ ಶ್ರುತಿಯೂ ನಿಂತಿತು. ವಿಲಂಬಿತವು ಆಗತಾನೆ ತಾರಷಡ್ಜವನ್ನು ಮುಟ್ಟಿದ್ದಿತು. ಜನರಲ್ಲಿ ಮುಕ್ಕಾಲು ಪಾಲು ಎದ್ದು, ಚಪ್ಪಲಿಗಳನ್ನು ಹುಡುಕತೊಡಗಿದರು. ಹಿರಿಯ ಗಾಯಕರು ಮಾತ್ರ ಏಳಲಿಲ್ಲ. ‘ನಿಜವಾದ ತಂಬೂರಿ ಯಾರ ಮನಿಯಾಗರೆ ಐತೇನ್ರೀ?’ ಎಂದರು. ಆ ಹುಡುಗಿಯು ಓಡಿಹೋಗಿ ಗವುಸಿನೊಡನೆ ತಂಬೂರಿಯನ್ನು ತಂದಳು. ಗಾಯಕರು ಅದನ್ನು ತಮ್ಮ ಶ್ರುತಿಗೆ ಇಳಿಸಿ, ಅವಳ ಕೈಗೇ ಕೊಟ್ಟು ಹಿಂದೆ ಕುಳ್ಳಿರಿಸಿಕೊಂಡರು. ತಬಲದವನು ಬೆರಳ ತುದಿಯಲ್ಲಿಯೇ ನುಡಿಸಿದನು. ಉಳಿದ ಇಪ್ಪತ್ತು ಇಪ್ಪತ್ತೈದು ಮಂದಿ ಕುರ್ಚಿಗಳನ್ನು ಬಿಟ್ಟು ಜಮಖಾನೆಯ ಮೇಲೆ ಗಾಯಕರ ಮೊಣಕಾಲಿನ ತನಕ ಸರಿದು ಕುಳಿತೆವು. ಯಂತ್ರವು ದೊಡ್ಡದು ಮಾಡಿದ್ದ ಕಂಠವು ಈಗ ತನ್ನ ಅಳತೆಗೆ ಬಂದಿತು. ಉಸಿರೆಳೆದುಕೊಳ್ಳುವುದೂ ಕೇಳುತ್ತಿದ್ದಿತು, ಗಾಂಧಾರದ ಆಂದೋಲನವಂತೂ ಕಣ್ಣಿಗೆ ಕಾಣುವಂತಿದ್ದಿತು. ಎದುರುಮನೆಯ ಕಿಟಕಿಯಲ್ಲಿ ದೀಪವುರಿಯುತ್ತಿದ್ದಿತು. ಅಲ್ಲಿಂದ ಯಾವ ಆಕ್ಷೇಪವೂ ಬರಲಿಲ್ಲ.

ಎಷ್ಟು ಹೊತ್ತಾಯಿತೆಂದು ನಾವು ನೋಡಲಿಲ್ಲ. ಮುಗಿದ ಮೇಲೆ ಹುಡುಗಿಯು ತಂತಿಯಿಂದ ಕೆಂಪಾದ ಬೆರಳನ್ನು ಬಾಯಿಗಿಟ್ಟುಕೊಳ್ಳುತ್ತ, ಮುಂದಿನ ಸಲ ಇನ್ನೂ ತಡವಾಗಿ ಆರಂಭಿಸಬಹುದೇ ಎಂದು ಕೇಳಿದಳು. ಮಿತ್ರರು ಉತ್ತರ ಕೊಡದೆ ಜಮಖಾನೆಯನ್ನು ಮಡಿಸತೊಡಗಿದರು. ಅದರ ಇನ್ನೊಂದು ತುದಿಯನ್ನು ನಾವು ಹಿಡಿದುಕೊಂಡೆವು. ಹರಿಹರದ ಬಸ್ಸು ಎಂದೋ ಹೋಗಿದ್ದಿತು. ಆ ರಾತ್ರಿ ಮಿತ್ರರ ಮನೆಯ ಮಾಳಿಗೆಯ ಮೇಲೆ ಚಾಪೆ ಹಾಸಿಕೊಂಡು ಮಲಗಿದೆವು.