ಹಿಮದ ಮೇಲೆ ಒಂದು ಕ್ಯಾಮರಾ

ಇಲ್ಲದುದನ್ನು ಪಡೆಯುವುದು ಯೋಗ, ಪಡೆದುದನ್ನು ಕಾಪಾಡಿಕೊಳ್ಳುವುದು ಕ್ಷೇಮ ಎಂದು ನಮ್ಮ ಹಿರಿಯರು ಅರ್ಥವಿಭಾಗ ಮಾಡಿದ್ದಾರೆ. ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಈ ಅರ್ಥವನ್ನು ಹುಡುಗರಿಗೆ ಪಾಠ ಹೇಳಿದವನು ನಾನು. ಆದರೆ ಎರಡರಲ್ಲಿ ಕ್ಷೇಮವೆಂಬುದು ಎಷ್ಟು ದುಸ್ಸಾಧ್ಯವೆಂಬುದು ನನಗೆ ಮನದಟ್ಟಾದದ್ದು ಪಾಠಶಾಲೆಯಲ್ಲಲ್ಲ. ಕಾಶ್ಮೀರದ ಗುಲ್ಮಾರ್ಗಿನ ಹಿಮದ ಮೇಲೆ, 2023ನೆಯ ಇಸವಿಯ ಫೆಬ್ರವರಿ ತಿಂಗಳಿನಲ್ಲಿ.

ನಮ್ಮ ಮನೆಯಲ್ಲಿ ಹಳೆಯದೊಂದು ಯಾಶಿಕಾ ಕ್ಯಾಮರಾ ಇದೆ. ಅದು ನನ್ನ ಅಣ್ಣನದು. ಒಂದರ ಮೇಲೊಂದಾಗಿ ಎರಡು ಕಣ್ಣುಳ್ಳದ್ದು. ಮೇಲಿನ ಕಣ್ಣು ನಾವು ನೋಡುವುದಕ್ಕೆ, ಕೆಳಗಿನದು ಚಿತ್ರ ಹಿಡಿಯುವುದಕ್ಕೆ. ಎದೆಯ ಮಟ್ಟದಲ್ಲಿ ಹಿಡಿದು, ತಲೆಬಾಗಿ ಗಾಜಿನೊಳಗೆ ನೋಡಬೇಕು. ಒಂದು ಸುರುಳಿಗೆ ಹನ್ನೆರಡೇ ಚಿತ್ರ. ಬ್ಯಾಟರಿಯ ಹಂಗಿಲ್ಲ. ಅಣ್ಣ ತೀರಿಕೊಂಡ ಮೇಲೆ ಅತ್ತಿಗೆಯವರು ಅದನ್ನು ನನ್ನ ಕೈಗಿತ್ತು, "ಇದನ್ನು ನೀವೇ ಇಟ್ಟುಕೊಳ್ಳಿ" ಎಂದರು. ನಾನು ಇಟ್ಟುಕೊಂಡೆ, ಎಂದರೆ, ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಕ್ಷೇಮವೆಂದರೆ ಬೀಗವೆಂದೇ ನನ್ನ ಎಣಿಕೆಯಾಗಿದ್ದಿತು.

ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ನನ್ನ ಮಗಳು ಆ ವರ್ಷ ಸ್ಕೀ ಕಲಿಯುವೆನೆಂದು ಹಟ ಹಿಡಿದಳು. ದೊಡ್ಡಪ್ಪನ ಕ್ಯಾಮರಾವೂ ಬೇಕೆಂದಳು. ಕ್ಯಾಮರಾವನ್ನೊಂದನ್ನೇ ಕಳುಹಿಸಲು ಮನಸ್ಸೊಪ್ಪದೆ ನಾನೂ ಹೊರಟೆ. ಕುಮಾರಸಂಭವದ ಮೊದಲನೆಯ ಸರ್ಗವನ್ನು ಎಷ್ಟೋ ಬಾರಿ ಪಾಠ ಹೇಳಿದ್ದರೂ ಹಿಮವನ್ನು ಕಣ್ಣಾರೆ ಕಂಡವನಲ್ಲ ನಾನು, ಎಂಬುದೂ ಒಂದು ನೆವವಾಯಿತು.

ಗುಲ್ಮಾರ್ಗು ಸಮುದ್ರಮಟ್ಟಕ್ಕೆ ಸುಮಾರು 2,650 ಮೀಟರು ಎತ್ತರದಲ್ಲಿದೆ. ಅಲ್ಲಿಂದ ಅಫರ್ವಟ್ ಬೆಟ್ಟದ ಕಡೆಗೆ ತಂತಿಯ ಮೇಲೆ ತೂಗುಪೆಟ್ಟಿಗೆಗಳು ಹೋಗುತ್ತವೆ. ಮೊದಲನೆಯ ಹಂತ 1998ರಲ್ಲಿ, ಎರಡನೆಯದು 2005ರಲ್ಲಿ ಆರಂಭವಾದವು. ಪಳಗಿದವರು ಮೇಲಿಂದ ಇಳಿದು ಬರುತ್ತಾರೆ. ಹೊಸಬರಿಗೆ ಕೆಳಗಿನ ಬಯಲಿನ ಇಳಿಜಾರುಗಳೇ ಪಾಠಶಾಲೆ. ಕಾಲಿಗೆ ಉದ್ದನೆಯ ಹಲಗೆಗಳು, ಎರಡು ಕೈಗಳಲ್ಲಿ ಎರಡು ಊರುಗೋಲುಗಳು. ಬಿದ್ದು ಏಳುವುದೇ ಮೊದಲನೆಯ ಪಾಠ. ಬಿದ್ದವರು ನಗುತ್ತ ಏಳುವುದನ್ನು ನೋಡಿ, ನಮ್ಮ ಶಾಲೆಗಳಲ್ಲಿಯೂ ಹೀಗಿದ್ದರೆ ಎಷ್ಟು ಚೆನ್ನಾಗಿತ್ತೆಂದುಕೊಂಡೆ.

ಮೂರನೆಯ ದಿನ ಮಗಳು ಕ್ಯಾಮರಾವನ್ನು ಕೊರಳಿಗೆ ತೂಗಹಾಕಿಕೊಂಡು, ಮೇಲೆ ಕೋಟು ತೊಟ್ಟು, ಇಳಿಜಾರಿನ ತಲೆಗೆ ಹೋದಳು. ಕಲಿಸುತ್ತಿದ್ದ ಕಾಶ್ಮೀರದ ತರುಣನು, "ಇಂದು ಬೇಡ" ಎಂದನಂತೆ, ಅವಳು ಕೇಳಲಿಲ್ಲ. ನಾನು ಕೆಳಗೆ ನಿಂತು ನೋಡುತ್ತಿದ್ದೆ. ಅರ್ಧ ದಾರಿ ಸೊಗಸಾಗಿ ಬಂದಳು. ಆಮೇಲೆ ಕೋಟಿನ ಗುಂಡಿ ಕಳಚಿ ಕ್ಯಾಮರಾ ಹೊರಬಂದು ಗಡಿಯಾರದ ಲೋಲಕದಂತೆ ಆಡತೊಡಗಿತು. ಅದನ್ನು ಹಿಡಿಯಲು ಅವಳು ಎಡಗೈಯನ್ನು ಎದೆಗೆ ತಂದಳು. ಸಮತೋಲ ತಪ್ಪಿತು. ಬೀಳುವಾಗ ಯಾರಾದರೂ ಕೈಯನ್ನು ಬಿಡುತ್ತಾರೆ, ಅವಳು ಬಿಡಲಿಲ್ಲ. ಕ್ಯಾಮರಾವನ್ನು ಮಗುವಿನಂತೆ ಅವಚಿಕೊಂಡು, ಬಲಗೈ ಅಡಿಯಾಗಿ ಹಿಮದ ಮೇಲೆ ಉರುಳಿದಳು.

ಇಲ್ಲಿಂದ ಮುಂದಿನದನ್ನು ಬರೆಯುವುದಕ್ಕೆ ನನಗೆ ನಾಚಿಕೆ. ಆದರೂ ಬರೆಯದಿದ್ದರೆ ಈ ಲೇಖನಕ್ಕೆ ಅರ್ಥವಿಲ್ಲ. ನಾನು ಕೆಳಗಿನಿಂದ ಕೂಗಿದೆ: "ಕ್ಯಾಮರಾ ಏನಾಯಿತು?"

ಆ ತರುಣನು ನನಗಿಂತ ಮೊದಲೇ ಜಾರಿ ಬಂದು, ಅವಳ ಕೈಗವಸನ್ನು ತೆಗೆದು ಮಣಿಕಟ್ಟನ್ನು ಮುಟ್ಟಿ ನೋಡುತ್ತಿದ್ದನು. ನಾನು ಏದುಸಿರು ಬಿಡುತ್ತ ಹತ್ತಿರ ಹೋದಾಗ ಮಗಳು ಎಡಗೈಯಿಂದ ಕ್ಯಾಮರಾವನ್ನು ನೀಡಿ, "ತೆಗೆದುಕೊಳ್ಳಿ ಅಪ್ಪಾ, ಅದಕ್ಕೇನೂ ಆಗಿಲ್ಲ" ಎಂದಳು. ಅಷ್ಟೇ. ಅವಳ ಮಣಿಕಟ್ಟು ಆಗಲೇ ಊದಿಕೊಂಡಿತ್ತು. ಮೂಳೆ ಮುರಿದಿರಲಿಲ್ಲ, ದೇವರು ದೊಡ್ಡವನು.

ಸಂಜೆ ಆ ತರುಣನು ನಮ್ಮನ್ನು ನೋಡಲು ಬಂದನು. ಫಿರನ್ ಎಂಬ ದೊಗಲೆ ಅಂಗಿಯೊಳಗೆ ಅವನ ಕಾಂಗ್ಡಿ ಇತ್ತು. ಎಂದರೆ ಬೆತ್ತದ ಬುಟ್ಟಿಯಲ್ಲಿಟ್ಟ ಮಣ್ಣಿನ ಕೆಂಡದ ಮಡಕೆ. ಬೆಂಕಿಯನ್ನೇ ಒಡಲಲ್ಲಿ ಹೊತ್ತು ತಿರುಗುವ ಜನರಿಗೆ ವಸ್ತುಗಳನ್ನು ಜೋಪಾನವಾಗಿ ಹೊರುವುದನ್ನು ಬೇರೆ ಯಾರು ಕಲಿಸಬೇಕು? ಅವನು ಹೇಳಿದ್ದು ಇಷ್ಟು: ಕ್ಯಾಮರಾವನ್ನು ಕೊರಳಿಗೆ ತೂಗಹಾಕಬಾರದು, ಮೆತ್ತನೆಯ ಚೀಲದಲ್ಲಿಟ್ಟು, ಎರಡು ಭುಜಗಳಿಗೂ ಸೊಂಟಕ್ಕೂ ಪಟ್ಟಿ ಬಿಗಿದು, ಅಲುಗಾಡದಂತೆ ಎದೆಗೆ ಕಟ್ಟಿಕೊಳ್ಳಬೇಕು. ಬೆನ್ನ ಚೀಲದಲ್ಲಿಡುವುದಾದರೆ ಗಟ್ಟಿಯಾದ ವಸ್ತು ಬೆನ್ನೆಲುಬಿಗೆ ಒತ್ತದಂತೆ ನಡುವೆ ಬಟ್ಟೆ ತುರುಕಬೇಕು. ಬೀಳುವುದು ನಿಲ್ಲುವವರೆಗೆ ಅದನ್ನು ತರಲೇಬಾರದು. ಎಲ್ಲಕ್ಕೂ ಮಿಗಿಲಾಗಿ, ಕೈಗಳು ಎರಡೂ ಬಿಡುವಾಗಿರಬೇಕು.

ಕೇಳುತ್ತಿದ್ದಂತೆ ನನಗೆ ವೇದಾಂತಿಗಳ ಎರಡು ನ್ಯಾಯಗಳು ನೆನಪಾದವು. ಬೆಕ್ಕು ಮರಿಯನ್ನು ಬಾಯಲ್ಲಿ ಕಚ್ಚಿ ಒಯ್ಯುತ್ತದೆ. ಅದು ಮಾರ್ಜಾಲಕಿಶೋರ ನ್ಯಾಯ. ಕೋತಿಯ ಮರಿ ತಾಯಿಯ ಒಡಲನ್ನು ತಾನೇ ತಬ್ಬಿಕೊಂಡಿರುತ್ತದೆ. ಅದು ಮರ್ಕಟಕಿಶೋರ ನ್ಯಾಯ. ಭಕ್ತಿಮಾರ್ಗದಲ್ಲಿ ಯಾವುದು ಮೇಲೆಂಬ ಚರ್ಚೆ ಮುಗಿದಿಲ್ಲ. ಹಿಮದ ಮೇಲೆ ಮಾತ್ರ ಕೋತಿಯ ಮತವೇ ಸಿದ್ಧಾಂತ. ಹೊತ್ತ ವಸ್ತುವು ತಾನೇ ಅಂಟಿಕೊಂಡಿರಬೇಕು. ತಾಯಿ ಕೊಂಬೆಯನ್ನು ಹಿಡಿಯಲು ಸ್ವತಂತ್ರಳಾಗಿರಬೇಕು. ನನ್ನ ಮಗಳು ಬೆಕ್ಕಿನಂತೆ ಮಾಡಿ ಕೈ ಉಳುಕಿಸಿಕೊಂಡಳು.

ಅವನು ಇನ್ನೊಂದು ಮಾತನ್ನೂ ಹೇಳಿದನು, ಅದು ತಡವಾಗಿತ್ತು. ಚಳಿಯಿಂದ ತಂದ ಕ್ಯಾಮರಾವನ್ನು ಬೆಚ್ಚಗಿನ ಕೋಣೆಯಲ್ಲಿ ಕೂಡಲೇ ತೆರೆಯಬಾರದು. ಹೊರಗೇ ಗಾಳಿಯಾಡದ ಚೀಲದಲ್ಲಿ ಕಟ್ಟಿ ಒಳಗೆ ತಂದು, ಕೋಣೆಯ ಶಾಖಕ್ಕೆ ಮೆಲ್ಲಮೆಲ್ಲನೆ ಹೊಂದಿಕೊಳ್ಳುವವರೆಗೆ ಗಂಟೆಗಟ್ಟಲೆ ಬಿಡಬೇಕು. ಇಲ್ಲವಾದರೆ ಗಾಳಿಯ ತೇವವೆಲ್ಲ ತಣ್ಣನೆಯ ಗಾಜಿನ ಮೇಲೆ ಹನಿಗಟ್ಟುತ್ತದೆ. ನಾನಾದರೋ, ಪೆಟ್ಟು ಬಿದ್ದಿದೆಯೋ ಎಂದು ನೋಡುವ ಆತುರದಲ್ಲಿ, ಬುಖಾರಿ ಒಲೆಯ ಪಕ್ಕದಲ್ಲಿಯೇ ಅದನ್ನು ತೆರೆದಿದ್ದೆ. ಎರಡು ಕಣ್ಣುಗಳಲ್ಲಿಯೂ ನೀರು. ಆ ವರ್ಷದ ಮಳೆಗಾಲದಲ್ಲಿ ಕೆಳಗಿನ ಕಣ್ಣಿನೊಳಗೆ ಜೇಡನ ಬಲೆಯಂತೆ ಬೂಷ್ಟು ಕಾಣಿಸಿಕೊಂಡಿತು. ಬಿದ್ದವಳು ಅದನ್ನು ಕಾಪಾಡಿದಳು. ನಿಂತು ನೋಡಿದವನು ಕೆಡಿಸಿದೆ.

ಊರಿಗೆ ಬಂದ ಮೇಲೆ ಫ್ರ್ಯಾಂಕ್ ಹರ್ಲಿಯ ಸಂಗತಿಯನ್ನು ಓದಿದೆ. ಶ್ಯಾಕಲ್ಟನ್ನನ ದಕ್ಷಿಣಧ್ರುವ ಯಾತ್ರೆಯಲ್ಲಿ ಈತನು ಛಾಯಾಗ್ರಾಹಕ. 1915ರಲ್ಲಿ ಅವರ ಹಡಗು ಮಂಜಿನ ಗಡ್ಡೆಗಳ ನಡುವೆ ಸಿಕ್ಕಿ ನುಚ್ಚುನೂರಾದಾಗ, ಹರ್ಲಿ ಕೊರೆಯುವ ನೀರಿಗಿಳಿದು ತನ್ನ ಗಾಜಿನ ಫಲಕಗಳ ಪೆಟ್ಟಿಗೆಗಳನ್ನು ಮೇಲಕ್ಕೆತ್ತಿದನು. ಆದರೆ ಮುಂದೆ ದೋಣಿಗಳಲ್ಲಿ ಸಾಗಬೇಕಾಗಿದ್ದಿತು, ಭಾರಕ್ಕೆ ಎಡೆಯಿರಲಿಲ್ಲ. ಯಜಮಾನನೂ ಅವನೂ ಹಿಮದ ಮೇಲೆ ಕುಳಿತು ಸುಮಾರು 120 ಫಲಕಗಳನ್ನು ಆರಿಸಿಕೊಂಡು, ಉಳಿದ 400ರಷ್ಟನ್ನು ಒಡೆದುಹಾಕಿದರು; ಮನಸ್ಸು ಮತ್ತೆ ಅವುಗಳ ಕಡೆಗೆ ತಿರುಗದಿರಲೆಂದು. ದೊಡ್ಡ ಕ್ಯಾಮರಾಗಳನ್ನೂ ಬಿಟ್ಟು, ಕಿಸೆಯಲ್ಲಿ ಹಿಡಿಯುವ ಚಿಕ್ಕದೊಂದನ್ನು ಇಟ್ಟುಕೊಂಡನು. ಆ ಹಡಗಿನ 28 ಜನರೂ ಬದುಕಿ ಹಿಂದಿರುಗಿದರು. ಪ್ರಾಣ ಮೊದಲು, ಚಿತ್ರ ಆಮೇಲೆ, ಯಂತ್ರ ಕಡೆಗೆ. ಈ ಕ್ರಮವನ್ನು ಅವನು ಮಂಜಿನ ಮೇಲೆ ನಿಂತು ಅರಿತುಕೊಂಡನು. ನಾನು ಅದನ್ನು ತಲೆಕೆಳಗು ಮಾಡಿ ಕೂಗಿದ್ದೆ.

ಮಗಳು ಆ ಮಾತನ್ನು ಎಂದೂ ಎತ್ತಿ ಆಡಲಿಲ್ಲ. ಅದೇ ನನಗೆ ಹೆಚ್ಚು ಭಾರವಾಯಿತು. ಮರುವರ್ಷ ಅವಳು ಪುನಃ ಗುಲ್ಮಾರ್ಗಿಗೆ ಹೊರಟಾಗ, ಬೂಷ್ಟನ್ನು ಒರೆಸಿಸಿದ ಯಾಶಿಕಾವನ್ನು ನಾನೇ ಬೀರುವಿನಿಂದ ತೆಗೆದು, ಎದೆಗೆ ಕಟ್ಟುವ ಚೀಲದೊಂದಿಗೆ ಕೊಟ್ಟೆ. ಬೀಗದ ಕೈಯನ್ನು ಮತ್ತೆ ಉಪಯೋಗಿಸಿಲ್ಲ. ಒಂದು ಸಂಜೆ ಅವಳು ಅಲ್ಲಿಂದ ದೂರವಾಣಿಯಲ್ಲಿ ಮಾತನಾಡಿ, "ಇಂದು ಎರಡು ಬಾರಿ ಬಿದ್ದೆ ಅಪ್ಪಾ" ಎಂದಳು.

"ಕೈಗೆ ಪೆಟ್ಟಾಯಿತೇನಮ್ಮಾ?" ಎಂದು ಕೇಳಿದೆ.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ನಕ್ಕು, "ಇಲ್ಲ ಅಪ್ಪಾ. ಕ್ಯಾಮರಾವೂ ಚೆನ್ನಾಗಿದೆ" ಎಂದಳು.